ಗಂಜಿನ ಕೊಕ್ಕೆಗೆ ಒಂದು ಫ್ರೇಮು

ತೊಗರಿ ಚೀಲ ತೂಗುವ ಕೊಕ್ಕೆಗೆ
ಲಾಡ್ಲೇಸಾಬ ಇವತ್ತು ಸೈಕಲ್ಲಿನ ಎಲುಬುಗೂಡು ನೇತುಹಾಕಿದ.
ಗಾಲಿಯಿಲ್ಲ, ಸೀಟಿಲ್ಲ, ಬಣ್ಣವಿಲ್ಲ.
ಮುಳ್ಳು ನಡುಗಿತು, ನಿಂತಂತೆ ಮಾಡಿತು, ಮತ್ತೆ ನಡುಗಿತು.
ನೂರು ಕಿಲೋಗೆ ಹುಟ್ಟಿದ ಕಾಟಾ,
ಇಷ್ಟು ಹಗುರಕ್ಕೆ ಅದಕ್ಕೂ ನಾಚಿಕೆ.
"ಸರಿ ನೋಡು, ಗುಂಡೇರಾಯ."
"ಎರಡರ ಮ್ಯಾಲ. ಮೂರರ ಕೆಳಗ."
"ಅಷ್ಟು ನನ್ನ ಕೈಗೂ ಗೊತ್ತದ."

ಸರಾಫ ತನ್ನ ತಕ್ಕಡಿ ಮುಟ್ಟಗೊಡಲಿಲ್ಲ.
ಕೋಳಿ ಮಾರುವ ಚಾಂದಪಾಷಾ ತನ್ನ ಕರೆಂಟಿನ ತಟ್ಟೆ ಕೊಟ್ಟ:
ಎರಡು ಸಾವಿರದ ಮುನ್ನೂರ ಅರವತ್ತು ಗ್ರಾಂ,
ತಟ್ಟೆಗೆ ಅಂಟಿದ್ದ ಒಂದು ಪುಕ್ಕವೂ ಸೇರಿ.

ಇಷ್ಟು ದಿನ ಅವನು ರಿಪೇರಿ ಮಾಡಿದ್ದೆಲ್ಲ ಹೊರೆ ಹೊರುವವು.
ಹಾಲಿನ ಕ್ಯಾನು, ಎರಡು ಸಿಲಿಂಡರು,
ಹೆಂಡತಿ, ಮಗು, ಮಗುವಿನ ತೊಡೆಯ ಮೇಲೆ ಕುಂಬಳಕಾಯಿ.
ಇದನ್ನು ಕೇಳಿದವಳು ತಾಂಡಾದ ಸಾರಿಕಾ ಚವ್ಹಾಣ,
ಮೂವತ್ತೊಂಬತ್ತು ಕಿಲೋ, ಬಾಟಲಿ ನೀರು ಕುಡಿದ ಮೇಲೆ.
ಆಳಂದ ರಸ್ತೆಯ ಏರಿನಲ್ಲಿ
ಒಂದೊಂದು ಗ್ರಾಂ ಕೂಡ ಹಿಂದಕ್ಕೆ ಜಗ್ಗುತ್ತದಂತೆ.
"ಮುಂಜಾನಿ ಸಂಡಾಸಕ್ಕ ಹೋಗಿ ಬಾ ಬೇಟಿ,
ಅದಕಿಂತ ಜಾಸ್ತಿ ಇಳೀತದ" ಅಂದ.
ಅಂದವನೇ ಮೂರು ರಾತ್ರಿ ಕೂತು
ಲಗ್ಗುಗಳನ್ನು, ಕೊಳವೆಗೆ ಕೊಳವೆ ತೊಡಿಸುವ ಆ ಕುಪ್ಪಸಗಳನ್ನು,
ಅರದಿಂದ ತಿಕ್ಕಿ ತಿಕ್ಕಿ
ಬೇವಿನೆಲೆಯ ಚೂಪಿಗೆ ತಂದಿದ್ದ.

ಪಕ್ಕದ ಶೆಡ್ಡಿನ ಮಲ್ಲಿನಾಥ ನಕ್ಕ:
"ಲಗ್ಗು ಯಾಕ ಬೇಕು, ಚಾಚಾ?
ಕೊಳವಿಗಿ ಕೊಳವಿ ಹಚ್ಚಿ ವೆಲ್ಡಿಂಗ್ ಹೊಡದ್ರ
ಪಾವು ಕಿಲೋ ಉಳೀತದ."
ಸುಳ್ಳಲ್ಲ. ಕಾಲೋನಿಯ ಅರ್ಧ ಗೇಟುಗಳು ಅವನ ಕೈಯವು.
ಆದರೆ ಈ ಕೊಳವೆಯ ಗೋಡೆ ಹಪ್ಪಳದಷ್ಟು.
ಒಂದನ್ನು ಕೊಟ್ಟು ನೋಡಿದ್ದಾಯಿತು; ಕಿಡಿ ಅದನ್ನು ತಿಂದಿತು.
ತೂತು ಬಿದ್ದ ಆ ಕೊಳವೆಯನ್ನು ಈಗ
ಮಲ್ಲಿನಾಥನ ಮಗ ಊದುತ್ತಾ ತಿರುಗುತ್ತಾನೆ.

ಲಾಡ್ಲೇಸಾಬನ ಬೆಸುಗೆ ಬೇರೆ.
ಮೊದಲು ಬಿಳಿಗಾರ. ಅವನ ಮನೆಮಾತಿನಲ್ಲಿ ಸುಹಾಗಾ;
ಮುತ್ತೈದೆತನಕ್ಕೂ ಅದರ ನೆರೆಮನೆಯ ಹೆಸರೇ
ಎಂದು ಒಮ್ಮೆ ಹೇಳಿ, ತಾನೇ ನಾಚಿ ಬೀಡಿ ಹಚ್ಚಿದ್ದ.
ಆಮೇಲೆ ಉರಿ.
ಕಬ್ಬಿಣ ಕುಂಕುಮದ ಬಣ್ಣಕ್ಕೆ ಬರಬೇಕು, ಬೆಳ್ಳಗಾಗಬಾರದು.
ಪಿತ್ತಳೆ ಸಲಾಕೆ ಮುಟ್ಟಿಸಿದರೆ
ಸಂದಿಯೊಳಗೆ ತಾನಾಗಿ ಹರಿಯುತ್ತದೆ,
ಬಿಸಿ ಮೇಲಿದ್ದರೆ ಮೇಲಕ್ಕೂ.
"ಅತ್ತಕಡಿದು ಕರಗಬಾರದು, ಇತ್ತಕಡಿದೂ ಕರಗಬಾರದು.
ನಡುವಿಂದು ಅಷ್ಟ."

ನಾನು ತೂಗುವವನು.
ಸಲಾಕೆಯನ್ನು ಮೊದಲೇ ತೂಗಿಟ್ಟಿದ್ದೆ,
ಉಳಿದ ತುಂಡನ್ನು ತೂಗಿ ಕಳೆದೆ:
ಎಂಬತ್ತೆರಡು ಗ್ರಾಂ.
ಎಂಟು ಮೂಲೆಗಳಲ್ಲಿ, ಯಾರ ಕಣ್ಣಿಗೂ ಬೀಳದೆ.

ಸಂಜೆ ಸಾರಿಕಾ ಬಂದಳು.
ಎರಡು ಬೆರಳಲ್ಲಿ ಎತ್ತಿದಳು, ಮೂಗಿನ ಹತ್ತಿರ ಹಿಡಿದಳು,
ಉಗುರಿನಿಂದ ಒಂದು ಮೂಲೆ ಬಡಿದು ಸದ್ದು ಕೇಳಿದಳು.
"ಇನ್ನಾ ಕಡಿಮಿ ಆಗ್ತದೇನ್, ಚಾಚಾ?"
ಅವನು ಅರ ಒರೆಸುತ್ತಿದ್ದ, ತಲೆ ಎತ್ತಲಿಲ್ಲ.
"ಪುಕ್ಕ ತೆಗಿ" ಅಂದ.