ಒದ್ದೆ ಬೆರಳು

ನಾಪೋಕ್ಲು ಪೇಟೆಯಲ್ಲಿ ಹಾರಿಸನ ಅಂಗಡಿಗೆ
ಮಡಚುವ ಫೋನು ಬಂದಿದೆ.
ತನ್ನದೇ ಸಿಮ್ ಹಾಕಿ, ನೋಡು, ಎಂದು ಕೊಟ್ಟ.
ತೆರೆದೆ, ಮುಚ್ಚಿದೆ, ತೆರೆದೆ,
ನಶ್ಯದ ಡಬ್ಬಿ ಆಡಿಸುವವರ ಹಾಗೆ.
ಬಾಗಿಲಿಗೆ ಬಂದು ಎದುರು ಗುಡ್ಡದ ಚಿತ್ರ ತೆಗೆದರೆ
ಮಂಜನ್ನು ಕಲೆಯೆಂದು ಬಗೆದು
ತಾನೇ ಒರೆಸಿಬಿಟ್ಟಿತು.
ತೊಳೆದಿಟ್ಟ ತಟ್ಟೆಯಂತೆ ಗುಡ್ಡ ಫಳಫಳ.
'ಹೇಗುಂಟು?' ಅಂದ ಹಾರಿಸ್.
ಚೆನ್ನಾಗಿದೆ, ಅಂದೆ. ನಮ್ಮೂರಲ್ಲ, ಅಷ್ಟೆ.

ನನ್ನ ಕಸುಬು ಆ್ಯಪ್ ಬರೆಯುವುದು,
ಕಳೆ ಕೊಚ್ಚುವ ಯಂತ್ರದ ರಿಪೇರಿ ಅಂಗಡಿಯ
ಮೇಲಿನ ಕೋಣೆಯಲ್ಲಿ, ಪೆಟ್ರೋಲು ವಾಸನೆಯಲ್ಲಿ.
ಆ್ಯಪಿನ ಹೆಸರು ಇಂಚು-ಸೆಂಟು.
ಮಳೆಮಾಪಕದ ಲೆಕ್ಕ ಬರೆದಿಡುವ ಪುಸ್ತಕ, ಬೇರೇನಿಲ್ಲ.
ಇಲ್ಲಿ ಯಾರೂ ಮಳೆ ಜೋರು ಅನ್ನುವುದಿಲ್ಲ,
ಒಂದು ಇಂಚು ನಲವತ್ತು ಸೆಂಟು ಅನ್ನುತ್ತಾರೆ;
ಪಕ್ಕದ ತೋಟಕ್ಕೆ ಒಂದೂ ಅರವತ್ತೆಂದರೆ
ಲೋಟ ಕೆಳಗಿಟ್ಟು ಮುಖ ಸಣ್ಣ ಮಾಡುತ್ತಾರೆ.
ಮಾರ್ಚಿನ ಹೂಮಳೆಗಂತೂ ಸೆಂಟಿಗೆ ಸೆಂಟು ಜಗಳ.
ಬಳಸುವವರು ಇನ್ನೂರ ಹದಿನೇಳು ಮಂದಿ,
ಅರ್ಧದಷ್ಟು ಜನರ ನಾಯಿಯ ಹೆಸರೂ ನನಗೆ ಗೊತ್ತು.

ಮೊದಲ ಕಕ್ಕಡದಲ್ಲಿ ತೋಟದ ರೈಟರ್ ಲೂಯಿಸ್
ಒಂದು ಬೆಳಿಗ್ಗೆಗೆ ನಲವತ್ತೊಂದು ಇಂಚು ಬರೆದಿದ್ದ.
ಬರೆದದ್ದು ಅವನಲ್ಲ.
ಗಾಜಿಗೆ ಹನಿಯೂ ಒಂದು ಬೆರಳು.
ಮಳೆ ತನ್ನ ಲೆಕ್ಕ ತಾನೇ ಒತ್ತಿತ್ತು,
ತುಸು ಹೆಚ್ಚೇ ಒತ್ತಿತ್ತು.

ಅದಕ್ಕೇ ಶಬ್ದದ ಗುಂಡಿಗೆ ಕೆಲಸ ಕೊಟ್ಟೆ:
ಒಮ್ಮೆ ಒತ್ತಿದರೆ ಐದು ಸೆಂಟು,
ಒತ್ತಿ ಹಿಡಿದರೆ ಇಂಚು.
ಛತ್ರಿ ಕಂಕುಳಲ್ಲಿ, ಒಂದು ಕೈಯಲ್ಲಿ ಅಳತೆಯ ಗಾಜು,
ಇನ್ನೊಂದರ ಹೆಬ್ಬೆರಳು ಸಾಕು.

ಒಂದು ಕಂಪನಿಯ ಮಳಿಗೆ ಒಪ್ಪಲಿಲ್ಲ.
'ಶಬ್ದದ ಗುಂಡಿ ಶಬ್ದಕ್ಕೇ ಇರಬೇಕು,
ಬಳಕೆದಾರರು ಗಲಿಬಿಲಿಗೊಳ್ಳುತ್ತಾರೆ.'
ಯಾವ ಬಳಕೆದಾರರು? ಲೂಯಿಸನೆ?
ಮೂರು ಸಲ ಬರೆದೆ. ಛತ್ರಿಯ ಫೋಟೋ ಕೂಡ ಲಗತ್ತಿಸಿದೆ.
ಮೂರು ಸಲವೂ ಅದೇ ಪ್ಯಾರಾ, ಅದೇ ಧನ್ಯವಾದ.
ಅವರ ಊರಲ್ಲಿ ಮಳೆ
ಪರದೆಯ ಮೂಲೆಯ ಪುಟ್ಟ ಮೋಡವಾಗಿ ಮಾತ್ರ
ಬೀಳುತ್ತದೋ ಏನೋ.

ಇನ್ನೊಂದು ಕಂಪನಿ ಹಾಗಲ್ಲ, ಉದಾರಿ.
ಎಲ್ಲಕ್ಕೂ ಹೂಂ ಅನ್ನುತ್ತದೆ,
ಆಮೇಲೆ ವರ್ಷಕ್ಕೊಮ್ಮೆ ನೆಲವನ್ನೇ ಎತ್ತರಿಸುತ್ತದೆ.
ಮೇಲೆ ಬಾ, ಇಲ್ಲವೇ ಹೊರಗೆ.
ಒಂದು ತಿಂಗಳ ಸಂಜೆಗಳನ್ನು ಏಣಿ ಮಾಡಿ ಹತ್ತುತ್ತೇನೆ.
ಹತ್ತಿ ನೋಡಿದರೆ ಅದೇ ಮಳೆ, ಅದೇ ಇಂಚು;
ಕೆಳಗೆ ಉಳಿದವನು
ಏಳು ವರ್ಷ ಹಳೆಯ ಫೋನು ಹಿಡಿದ ಲೂಯಿಸ್.

ಚೋಂದಮ್ಮನವರ ಬಳಿ ಮೂವತ್ತೆಂಟು ಡೈರಿ,
ಗೊಬ್ಬರದ ಕಂಪನಿ ಪುಕ್ಕಟೆ ಕೊಟ್ಟವು.
ಅವನ್ನು ಆ್ಯಪಿಗೆ ತುಂಬುತ್ತೇನೆ ಎಂದು ಹೋದರೆ
'ನಿಂದು ಎಷ್ಟು ವರ್ಷ ಬಾಳಿಕೆ ಬರ್ತದೆ?' ಕೇಳಿದರು.
ಫೋನಾ, ಆ್ಯಪಾ, ಕಂಪನಿಯಾ?
'ಬೇಗ ಕೆಡೋದು ಯಾವುದೋ, ಅದನ್ನು ಹೇಳು.'
ಕಿತ್ತಳೆ ಸುಲಿಯುತ್ತ ಕೂತೆ.
ಹೊರಡುವಾಗ ಒಂದೇ ಡೈರಿ ಕೊಟ್ಟರು,
ಉಳಿದವು ಅದು ವಾಪಸು ಬಂದ ಮೇಲೆ.

ಹಾಗಂತ ಹೊಸ ಫೋನಿನ ಮೇಲೆ ನನಗೆ ಹಗೆಯಿಲ್ಲ.
ಬಿಡುಗಡೆಯ ರಾತ್ರಿ ಕರೆಂಟು ಹೋದರೂ
ಕಂಬಳಿಯೊಳಗೆ ನೇರಪ್ರಸಾರ ನೋಡುವವನು ನಾನು.
ಈ ಸಲ ಮೂರು ಕ್ಯಾಮೆರಾ, ಅಲ್ಲಲ್ಲ, ನಾಲ್ಕು;
ತಾನೇ ಕಾಗದ ಬರೆಯುತ್ತದಂತೆ, ತಾನೇ ಉತ್ತರಿಸುತ್ತದಂತೆ.
ಹನಿ ಯಾವುದು, ಬೆರಳು ಯಾವುದು
ಇದಕ್ಕೆ ತಿಳಿಯುತ್ತದೆ ಎಂದು
ಒಬ್ಬರಾದರೂ ವೇದಿಕೆಯ ಮೇಲೆ ಹೇಳಲಿ ಅಂತ ಕಾಯುತ್ತೇನೆ.
ಒಬ್ಬರು ಹೇಳಿದರು, ಹೋದ ವರ್ಷ. ತರಿಸಿದೆ.
ಜೂನ್ ಕಳೆಯಿತು. ಜುಲೈಗೆ ಸೋತಿತು.

ಹಾರಿಸ್ ಕಂತಿನ ಲೆಕ್ಕ ಹಾಕುತ್ತಿದ್ದಾನೆ:
ಹನ್ನೆರಡು ತಿಂಗಳು, ಬಡ್ಡಿ ಇಲ್ಲ, ಕವರು ಪುಕ್ಕಟೆ.
ನಾನು ಫೋನನ್ನು ಮೆಲ್ಲನೆ
ಮಾಡಿನ ಅಂಚಿಗೆ ಹಿಡಿದೆ.
'ಏಯ್, ಏಯ್!'
ಹನಿ ಬಿತ್ತು, ಇನ್ನೊಂದು ಬಿತ್ತು,
ಯಾರಿಗೋ ಕರೆ ಹೋಯಿತು.
ಅತ್ತಲಿಂದ ಒಬ್ಬರು, ಹಲೋ ಕೂಡ ಅನ್ನದೆ,
'ಅಲ್ಲಿ ಎಷ್ಟಾಯ್ತು?'