ಕಡಿಯದ ಎಳಿ

ಅವ್ವ ಇರೂತನಕ ನಮ್ಮಕ್ಕ ಮಾತಾಡತಿದ್ದಳು.
ಅಂದ್ರ, ಅವ್ವ ಮಾತಾಡತಿದ್ದಳು:
"ಬನವ್ವಗ ಸೆಕಿ ಆಗೈತಿ",
"ನಿನ್ನ ಅಂಗಿ ಹರದೈತಿ ಅಂತಾಳ ನೋಡು ಬನವ್ವ."
ನಾವು ನಗತಿದ್ವಿ. ಬನವ್ವನೂ ನಗತಿದ್ದಳು, ಇಲ್ಲಾ
ಆಕಿ ತುಟಿ ಒಂದು ಕಡೆ ಜಾರತಿತ್ತು.

ಕಾರ್ತೀಕದಾಗ ಅವ್ವ ಹೋದಳು.
ಕಣ್ಣು ಒಮ್ಮೆ ಮುಚ್ಚಿದರ ಹೂಂ, ಎರಡು ಸರ್ತಿ ಮುಚ್ಚಿದರ ಒಲ್ಲೆ
ಅಂತ ಹೇಳಿಕೊಟ್ಟಿದ್ದಳು.
ನನ್ನ ಮುಂದ ಅಕ್ಕನ ಕಣ್ಣು
ಎಷ್ಟೋ ಸರ್ತಿ ಮುಚ್ಚತಾವ. ನೊಣಾ ಕುಂತರೂ ಮುಚ್ಚತಾವ.

ಗುಳೇದಗುಡ್ಡದ ಈ ಓಣ್ಯಾಗ ಉಳಿದ ಕುಣಿಮಗ್ಗ ಮೂರು.
ಒಂದು ನಂದು. ಅದರ ಬಾಜೂಕ ಅಕ್ಕನ ಹಾಸಿಗಿ.
ಖಣದ ಮ್ಯಾಲ ಸೂಜಿಮಲ್ಲಿಗಿ ಏಳೂ ನಡುವ
ಎರಡು ತಾಸಿಗೊಮ್ಮೆ ಕುಣಿಯಿಂದ ಎದ್ದು
ಆಕಿನ್ನ ಮಗ್ಗಲ ಹೊರಳಸತೀನಿ.

ಬಾಗಲಕೋಟಿ ದವಾಖಾನಿ ಫಾರಂ ತಂದ ಕಸ್ತೂರಿಬಾಯಿ
ಕೇಳಿದಳು, "ಇವರಿಗೆ ಏನರೆ ತಿಳೀತೈತೇನ್ರಿ?"
ಅಕ್ಕನ ಎದುರಿಗೇ ಕೇಳಿದಳು.

ನಾ ಅಂದೆ, ಸಬ್ಬಸಗಿ ಒಲ್ಲಳು.
ನುಚ್ಚಿನ್ಯಾಗ ಅರದು ಬಚ್ಚಿಟ್ಟರೂ ದವಡ್ಯಾಗ ಹಿಡಕೊಂಡು
ನಾ ಎದ್ದು ಹೋಗೂತನಕ ಕಾಯ್ತಾಳ,
ಆಮ್ಯಾಲ ಉಗಳತಾಳ.
"ಅದಕ್ಕ ಕಾಲಂ ಇಲ್ರಿ" ಅಂದಳು ಪಾಪ, ಪೆನ್ನಿನ ಟೋಪಿ ಕಚಗೋತ.

ಆ ರಾತ್ರಿ ನನ್ನ ತಲ್ಯಾಗೂ ಹುಳ ಹೊಕ್ಕಿತು.
ಅವ್ವನಂಗ ನಾನೂ ಆಕಿನ್ನ ನೇಯಾಕ ಹತ್ತೀನೇನು,
ಹಾಸೂ ನಂದ, ಹೊಕ್ಕೂ ನಂದ?

ಎಳಿ ಕಡಿದಾಗ ಮಗ್ಗ ನಿಲ್ಲತೈತಿ.
ನಿಂತಾಗೆಲ್ಲಾ ಆಕಿ ಗಂಟಲದಾಗ ಒಂದು ದನಿ ತಗೀತಾಳ,
ಹನ್ನೊಂದು ವರ್ಷದಿಂದ.
ಮರುದಿನ ಎಳಿ ಕಡಿದಿರಲಿಲ್ಲ. ಸುಮ್ನ ನಿಲ್ಲಿಸಿದೆ.
ದನಿ ಬಂತು.
ಮತ್ತ ನಿಲ್ಲಿಸಿದೆ. ಬಂತು, ಸಣ್ಣಗ.
ಮೂರನೇ ಸಲ ಇಲ್ಲ.
ತಿರಗಿ ನೋಡಿದರ ಗ್ವಾಡಿ ಕಡೆ ಮಾರಿ.
ತಾನಾಗೇ ಹೊರಳಿಸಿದ್ದಳು, ಕುತಿಗಿ ನರ ಬಿಗದು ಹುರಿ ಆಗಿತ್ತು.
ಆ ನಾಕು ಬೆರಳಿನ ಹಾದಿ
ಆಕಿಗೆ ಬಾದಾಮಿಗೆ ನಡಕೊಂಡು ಹೋದಷ್ಟು.

ನಾನ ಕಟ್ಟಿದಾಕಿ ಆಗಿದ್ದರ
ಇಷ್ಟು ಸೆಡವು ಯಾಕ ಹಾಕತಿದ್ದೆ ಆಕಿ ಮೈಯಾಗ?

ತಪ್ಪಾತು ಯಕ್ಕಾ, ಅಂದೆ.
ಸಂಜಿತನಕ ಆಕಿ ಜಡಿಗೇ ಮಾತಾಡಿದೆ.
ದೀಪ ಹಚ್ಚಿದ ಮ್ಯಾಲ ಹಾಲಿನ ಚಮಚಾ ಹಿಡಿದೆ.
ಬಾಯಿ ತಗದಳು.

ಸಿಟ್ಟು ಇಳಿದಿತ್ತೋ, ಹೊಟ್ಟಿ ಹಸಿದಿತ್ತೋ.
ಎರಡಕ್ಕೂ ಇರೂದು ಅದೊಂದ ಬಾಯಿ.