ಗೆರೆ ನಿಲ್ಲುವಷ್ಟು ಹೊತ್ತು

ಎರಡು ಗಂಟೆ ಬೀಡಿ ಮುಟ್ಟಬೇಡಿ ಅಂದಿದ್ದಳು
ಶರ್ಮಿಳಾ ಮೇಡಂ, ಅರಕಲಗೂಡಿನ ಹುಡುಗಿ.
ಎರಡೂಕಾಲು ಗಂಟೆ ಬಿಟ್ಟೆ.
ಕಾಲು ಗಂಟೆ ನನ್ನ ಲೆಕ್ಕದಲ್ಲಿ, ಇರಲಿ ಅಂತ.

ಹಾಸನದ ದೊಡ್ಡಾಸ್ಪತ್ರೆ, ಮೂರನೇ ಮಹಡಿ,
ಕಿಟಕಿಗೆ ಕರಿ ಕಾಗದ ಅಂಟಿಸಿದ ಕೋಣೆ.
ಗದ್ದ ಊರಲು ಒಂದು ಕಟ್ಟೆ, ಎದುರಿಗೆ ಪರದೆ,
ಪರದೆಯಲ್ಲಿ ಗೆರೆಗಳು, ಬೂದಿಯ ಮೇಲೆ ಬೂದಿ.
ಎಡಕ್ಕೆ ಸಾಗುತ್ತವೋ ಬಲಕ್ಕೋ, ಗುಂಡಿ ಒತ್ತಿ.

ಗೆರೆಯ ವಿಷಯ, ಅದೂ ನನ್ನನ್ನು ಕೇಳುವುದು!
ಇಪ್ಪತ್ತೊಂದು ವರ್ಷ ಸಂತೇಪೇಟೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಕೆಎ ಹದಿಮೂರು, ಕೆಎ ಹದಿಮೂರು ಅಂತ
ಊರ ಗಾಡಿಗಳಿಗೆಲ್ಲ ನಾಮಕರಣ ಮಾಡಿದವನು.
ಅಳಿಲು ಕೂದಲಿನ ಬ್ರಷ್ಷು, ಉಸಿರು ಕಟ್ಟಿ ಒಂದೇ ಎಳೆತ,
ಮೂರರ ಹೊಟ್ಟೆ ಒಂದು ಎಳೆಯೂ ಆಚೀಚೆ ಇಲ್ಲ.

ಆಮೇಲೊಂದು ಮಧ್ಯಾಹ್ನ
ಮೂರು ಎದ್ದು ಹೊರಟಿತು.
ಸುಮ್ಮನೆ, ಬಸ್ಸು ಬಂತು ಅಂತ ಏಳುವವರ ಹಾಗೆ,
ಪ್ಲೇಟಿನ ಅಂಚು ದಾಟಿ ಟಯರಿನ ಕಡೆಗೆ.
ತಲೆ ಎತ್ತಿದರೆ ಗಿರಾಕಿಯ ಮೂಗು ಬೇರೆ, ಬಾಯಿ ಬೇರೆ,
ಬಿಡಿಭಾಗದ ಅಂಗಡಿಯಲ್ಲಿ ತೂಗುಹಾಕಿದ ಹಾಗೆ.
ಇವನ್ನೆಲ್ಲ ಪೋಣಿಸಿದ್ದ ದಾರ ಎಲ್ಲಿ ಬಿತ್ತು ಅಂತ
ಹುಡುಕುತ್ತ ಆಲೂರಿನವರೆಗೆ ನಡೆದಿದ್ದೆನಂತೆ.

ಅಕ್ಕ ಕೆಂಪಮಣಿ ಆಟೋ ತಂದಳು.
ನಡುಗುವ ಬಾಯಿಗೆ ಬೀಡಿ ಇಟ್ಟವನು ಆಟೋದವನು.
ಒಂದು ದಮ್ಮು. ಎರಡು. ಮೂರನೆಯದಕ್ಕೆ
ರಸ್ತೆಯ ಬಿಳಿ ಪಟ್ಟೆ ರಸ್ತೆಗೆ ವಾಪಸು ಅಂಟಿಕೊಂಡಿತು.

ದೊಡ್ಡ ಡಾಕ್ಟರು ಇದನ್ನು ಭ್ರಮೆ ಅಂತ ಬರೆದುಕೊಂಡರು.
ಬೀಡಿ ಮಾತ್ರೆಯನ್ನೂ ತಿಂದುಹಾಕುತ್ತೆ ಕಣಯ್ಯ, ಅಂದರು.
ನಿಜವಿರಬಹುದು. ರಾತ್ರಿ ಕೆಮ್ಮಿಗೆ ಅಕ್ಕನ ನಿದ್ದೆಯನ್ನಂತೂ ತಿಂದಿದೆ.
ಶರ್ಮಿಳಾ ಮಾತ್ರ ಪೆನ್ನು ಕೆಳಗಿಟ್ಟು ಕೇಳಿದಳು:
"ಎಷ್ಟು ಹೊತ್ತು ನಿಲ್ಲುತ್ತೆ?"

ಎಷ್ಟು ಸೇದ್ತೀಯ ಅಂತ ಎಲ್ಲರೂ ಕೇಳಿದ್ದರು.
ಇದನ್ನು ಯಾರೂ ಕೇಳಿರಲಿಲ್ಲ.
ಒಂದು ನಂಬರು ಬರೆಯುವಷ್ಟು, ಅಂದೆ.
ಉದ್ದ ನಂಬರಾದರೆ
ಕೊನೆಯ ಅಂಕಿಗೆ ಇನ್ನೊಂದು ಹಚ್ಚಬೇಕು.

ಕೊನೆಗೆ ಒಂದು ಮುಖವಾಡ ತಂದಿಟ್ಟಳು,
ಬೆನ್ನು ನಮ್ಮ ಕಡೆಗೆ, ಟೊಳ್ಳು ಕಾಣುವಂತೆ.
ಏನು ಕಾಣ್ತಿದೆ?
ಗುಳಿ, ಅಂದೆ. ಮೂಗು ಒಳಕ್ಕೆ ಹೋಗಿದೆ.
ಮಲಗಿಸಿ ನೀರು ಹುಯ್ದರೆ ನಿಲ್ಲುತ್ತೆ.
ನನಗೆ ಉಬ್ಬಿದ ಮುಖವೇ ಕಾಣೋದು, ಅಂದಳು,
ಟೊಳ್ಳು ಅಂತ ಗೊತ್ತಿದ್ದೂ.
ಬಾಗಿಲ ಬಳಿ ಕೂತ ಅಕ್ಕನನ್ನು ಕರೆದಳು.
"ನನ್ನನ್ನೇ ನೋಡ್ತದಲ್ಲೋ!" ಅಂತ ಅಕ್ಕ
ಸೆರಗು ಸರಿಮಾಡಿಕೊಂಡಳು.

ಆ ಕೋಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಂಡವನು ನಾನೊಬ್ಬ.
ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.
ಎಲ್ಲರಿಗೂ ಟೊಳ್ಳಿನಲ್ಲೂ ಒಂದು ಮುಖ ಸಿಗುತ್ತದೆ,
ನನಗೆ ಮುಖದಲ್ಲೇ...
ಬಿಡಿ. ಅಷ್ಟು ದೂರ ಹೋಗಬಾರದು. ಮಾತ್ರೆಯ ಹೊತ್ತು.

ಹೊರಡುವಾಗ ಕೇಳಿದಳು, ಈ ಬಾಗಿಲಿಗೆ
ಒಂದು ಬೋರ್ಡು ಬರೆದುಕೊಡ್ತೀರಾ ನಿಂಗರಾಜಣ್ಣ,
ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ ಅಂತ?

ತಗಡು ತಂದಿದ್ದೇನೆ. ಬಿಳಿ ಬಳಿದು ಒಣಗಿಸಿದೆ.
ಬೆಂಕಿಪೊಟ್ಟಣ ಅಕ್ಕನ ಎಲೆಯಡಿಕೆ ಚೀಲದಲ್ಲಿ, ದಿನಕ್ಕೆ ನಾಲ್ಕೇ.
ಸೀಸದ ಗೆರೆ ಎಳೆದೆ, ಮೇಲೊಂದು ಕೆಳಗೊಂದು.
ಪ ನಿಂತಿತು.
ರೀ ಸ್ವಲ್ಪ ತೂಗಾಡಿ ನಿಂತಿತು.
ಈಗ ಕ್ಷೆ. ಅದರ ಹೊಟ್ಟೆಯ ಗಂಟು, ಒತ್ತು, ಕೊಂಬು,
ಒಂದೊಂದೂ ಒಂದೊಂದು ಕಡೆಗೆ ನೋಡುತ್ತಿದೆ.

ಅಕ್ಕಾ, ತಡಿ, ಪೊಟ್ಟಣ ಈಗಲೇ ಕೊಡಬೇಡ.
ಬ್ರಷ್ಷು ಅದ್ದಿಯಾಗಿದೆ.